ಬಲಗೈ ಎಡಗಿವಿಗೆ ಮುಟ್ಟಿದ ಬಗ್ಗೆ

ಇಂದ,
ಶೇಖಾವಲಿ ಬಿನ್ ಮೌಲಾಸಾಬ್,
ಸೈಕಲ್ ರಿಪೇರಿ, ಬಾವಿಕಟ್ಟಿ ಓಣಿ,
ಕೊಟ್ಟೂರು, ಕೂಡ್ಲಿಗಿ ತಾಲೂಕು.
(ಅಂಗಡಿಗೆ ಬೋರ್ಡು ಇರುವುದಿಲ್ಲ. ಹಳೇ ಟಯರು ನೇತುಬಿಟ್ಟ ಬೇವಿನ ಮರವೇ ಬೋರ್ಡು.)

ಗೆ,
ಮಾನ್ಯ ಶಾಲಾ ತನಿಖಾಧಿಕಾರಿ ಸಾಹೇಬರ ಸನ್ನಿಧಾನಕ್ಕೆ.

ಮುಖಾಂತರ,
ಶ್ರೀ ಜಂಬಣ್ಣ ಮಾಸ್ತರು, ಮುಖ್ಯೋಪಾಧ್ಯಾಯರು,
ಬಾವಿಕಟ್ಟಿ ಓಣಿಯ ಕಿರಿಯ ಪ್ರಾಥಮಿಕ ಶಾಲೆ.
(ಅರ್ಜಿ ಇವರ ಮೇಲೆಯೇ ಇದ್ದರೂ ಇವರ ಮುಖಾಂತರವೇ ಬರಬೇಕೆಂಬುದು ಕ್ರಮ. ಆದ್ದರಿಂದ ಇಲಿಯ ದೂರನ್ನು ಬೆಕ್ಕಿನ ಕೈಯಲ್ಲಿ ಕೊಟ್ಟು ಕಳಿಸಲಾಗಿದೆ.)

ದಿನಾಂಕ: ಜುಲೈ 1981, ಸಂತೆಯ ಮಾರನೆಯ ದಿನ.

ವಿಷಯ: ಜೈತುನ್ ಎಂಬ ಮಗುವನ್ನು ಒಂದನೇ ತರಗತಿಗೆ ಸಿದ್ಧಪಡಿಸುವ ಕಾಲಕ್ಕೆ ಮಗುವಿನ ತಾಯಿಯೂ ಕೈತಪ್ಪಿ ಸಿದ್ಧವಾಗಿಬಿಟ್ಟಿರುವ ಬಗ್ಗೆ.

ಉಲ್ಲೇಖ: 1) ಮುಖ್ಯೋಪಾಧ್ಯಾಯರ ಮೌಖಿಕ ಆದೇಶ: "ಬರೋ ವರ್ಷ ಬರ್ರಿ." ಕಳೆದ ವರ್ಷದ ಜೂನ್.
2) ಸದರಿಯವರದೇ ಮೌಖಿಕ ಆದೇಶ: "ಆ ಯಮ್ಮನ್ನ ಕಿಟಕಿಯಿಂದ ಎಬ್ಬಿಸ್ರಿ." ಕಳೆದ ವಾರ.
3) ಅರ್ಜಿದಾರನ ತಾಯಿ ಸೈದಾ ಬೀ ಅವರ ದಿನನಿತ್ಯದ ಟೀಕೆ ಟಿಪ್ಪಣಿಗಳು. (ಕಡತ ಬಹಳ ದೊಡ್ಡದಿರುವ ಕಾರಣ ಲಗತ್ತಿಸಿಲ್ಲ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಶೇಖಾವಲಿಯು (ಇನ್ನು ಮುಂದೆ 'ಅರ್ಜಿದಾರ' ಎಂದು ಕರೆಯಲ್ಪಡುವವನು, ಓಣಿಯಲ್ಲಿ 'ಪಂಚರ್ ಶೇಖಾ' ಎಂದು ಕರೆಯಲ್ಪಡುತ್ತಲೇ ಇರುವವನು) ಎಣ್ಣೆಗೈ ಒರೆಸಿಕೊಂಡು, ಅದೇ ಕೈ ಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನಿಗೆ ಜೈತುನ್ ಒಬ್ಬಳೇ ಮಗಳು. ಕಳೆದ ವರ್ಷ ಶಾಲೆ ತೆರೆದಾಗ ಮಗುವಿಗೆ ಹೊಸ ಲಂಗ ತೊಡಿಸಿ, ಕಣ್ಣಿಗೆ ಸುರುಮ ಹಚ್ಚಿ, ಮುಖ್ಯೋಪಾಧ್ಯಾಯರ ಮುಂದೆ ಹಾಜರುಪಡಿಸಿದನು. ಹೆಂಡತಿ ಮುಮ್ತಾಜ್ ಬೇಗಂ ಬಾಗಿಲ ಹೊರಗೇ ನಿಂತಳು. ಜಂಬಣ್ಣ ಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. (ಕನ್ನಡಕ ಮೇಲಿದ್ದಾಗ ಅವರು ಮನುಷ್ಯರು, ತುದಿಗೆ ಇಳಿದಾಗ ಸರಕಾರ.)

"ಕೂಸು ಹುಟ್ಟಿದ ತಾರೀಕು?"

"ಟೂರಿಂಗ್ ಟಾಕೀಸಿನ ಡೇರೆ ಗಾಳಿಗೆ ಹಾರಿತಲ್ರಿ ಸಾರ್, ಅವತ್ತ."

"ಡೇರೆ ಹಾರಿದ್ದು ಯಾವ ವರ್ಷ?"

"ಇಕಿ ಹುಟ್ಟಿದ ವರ್ಷ ರೀ."

ಲೆಕ್ಕ ಎರಡೂ ಕಡೆಯಿಂದ ತಾಳೆಯಾಗಿದ್ದರೂ ಮಾಸ್ತರು ಒಪ್ಪಲಿಲ್ಲ. ಇಂಥ ಮಕ್ಕಳಿಗೆಂದೇ ಒಂದು ಪರೀಕ್ಷೆ ಇರುವುದು ಸಾಹೇಬರಿಗೆ ತಿಳಿದೇ ಇದೆ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು, ಮುಟ್ಟದಿದ್ದರೆ, ಹುಟ್ಟಿದ್ದೇ ಇನ್ನೂ ಪೂರ್ತಿಯಾಗಿಲ್ಲವೆಂದು ಅರ್ಥ. ಜೈತುನಳ ಕೈ ನೆತ್ತಿ ದಾಟಿ, ಕಿವಿಯ ಮೇಲಣ ಕೂದಲಿನವರೆಗೆ ಬಂದು, ಸಾಹೇಬರ ಸಹಿಗೆ ಕಾದ ಕಾಗದದ ಹಾಗೆ ಅಲ್ಲೇ ನಿಂತಿತು.

"ಮುಟ್ಟಲಿಲ್ಲ. ಬರೋ ವರ್ಷ ಬರ್ರಿ," ಎಂದು ಮಾಸ್ತರು ಕನ್ನಡಕ ಮೇಲೇರಿಸಿದರು.

2. 'ಬರೋ ವರ್ಷ' ಎಂಬುದರ ಅರ್ಥ ಇಲಾಖೆಯಲ್ಲಿ ಮುಂದಿನ ಜೂನ್ ಎಂದಿರಬಹುದು. ಅರ್ಜಿದಾರನ ಮನೆಯಲ್ಲಿ ಅದರ ಅರ್ಥ ಬೇರೆ. ಸದರಿ ಮುಮ್ತಾಜ್ ಬೇಗಂ ಹರಪನಹಳ್ಳಿಯ ಹೆಣ್ಣುಮಗಳು. ಆಕೆ ಸಣ್ಣವಳಿದ್ದಾಗ ಶಾಲೆಗೆ ಹಾಕಬೇಕೆಂದು ಅವರಪ್ಪ ನಿಶ್ಚಯಿಸಿದ್ದರು. ಅಷ್ಟರಲ್ಲಿ ತಮ್ಮ ಹುಟ್ಟಿದ, ಎತ್ತಿಕೊಳ್ಳುವವರು ಬೇಕಾಯಿತು. ಬರೋ ವರ್ಷ ಎಂದರು. ಬರೋ ವರ್ಷ ಮೇಕೆ ಮರಿ ಹಾಕಿತು. ಹೀಗೇ ವರ್ಷಗಳು ಉರುಳಿ, ಅದೇ ತಮ್ಮನನ್ನು ಶಾಲೆಗೆ ಬಿಟ್ಟು ಬರುವ ನೌಕರಿ ಸಿಕ್ಕಿತು. ಹೀಗಾಗಿ ಆಕೆ ಶಾಲೆಯ ಬಾಗಿಲಿನವರೆಗೆ ಓದಿದ್ದಾಳೆ. ಕಟ್ಟಕಡೆಗೆ ಆ 'ಬರೋ ವರ್ಷ' ನಿಜವಾಗಿ ಬಂದಾಗ, ಅದರ ಜೊತೆಗೆ ಮದುಮಗನ ಸೆಹರಾ ಕಟ್ಟಿಕೊಂಡು ಅರ್ಜಿದಾರನೇ ಬಂದನು.

ಮಗುವಿನ ಕೈ ಮುಟ್ಟದ ದಿನ ಶಾಲೆಯಿಂದ ಮನೆಗೆ ಬಂದ ಮೇಲೆ ನಡೆದ ಮಾತುಕತೆಯನ್ನು ಅವಗಾಹನೆಗೆ ತರಲಾಗಿದೆ. (ಮಾತು ಉರ್ದುವಿನಲ್ಲಿ ನಡೆಯಿತಾದರೂ ಸಾಹೇಬರ ಅನುಕೂಲಕ್ಕಾಗಿ ಕನ್ನಡಕ್ಕೆ ಇಳಿಸಿದೆ.)

ಸೈದಾ ಬೀ ಎಲೆ ಅಡಿಕೆ ಮೆಲ್ಲುತ್ತ ಹೇಳಿದರು: "ಹೆಣ್ಣಕೂಸು. ಬರೋ ವರ್ಷ ಆದ್ರೇನು, ಅದರ ಮುಂದಿನ ವರ್ಷ ಆದ್ರೇನು? ಆ ಕಿವಿಗೆ ಕೈ ಯಾಕ ಮುಟ್ಟಬೇಕು, ವಾಲಿ ಹಾಕಿದ್ರ ಸಾಕು."

ಮುಮ್ತಾಜ್ ಅತ್ತೆಗೆ ಉತ್ತರ ಕೊಡುವವಳಲ್ಲ. ಗಂಡನ ಕಡೆ ತಿರುಗಿದಳು. "ಜೈತುನ್ ಅಬ್ಬಾ, ಈ ಬರೋ ವರ್ಷ ಎಲ್ಲಿ ಶುರುವಾಗ್ತೈತಿ, ಎಲ್ಲಿಗೆ ಹೋಗಿ ಮುಟ್ತೈತಿ, ನನಗ ಗೊತ್ತೈತಿ. ಇಕೀ ಕೈ ಮುಟ್ಟಬೇಕು ನೋಡ್ರಿ. ಏನರ ಮಾಡ್ರಿ."

3. ಅರ್ಜಿದಾರನಿಗೆ ಗೊತ್ತಿರುವ ವಿದ್ಯೆ ಒಂದೇ. ಚೈನು ಸಡಿಲಾದರೆ ಬಿಗಿ ಮಾಡುವುದು, ರಿಮ್ಮು ಸೊಟ್ಟಾದರೆ ನೆಟ್ಟಗೆ ಮಾಡುವುದು, ಸೀಟು ತಗ್ಗಾದರೆ ಎತ್ತರಿಸುವುದು. ಜಗತ್ತಿನಲ್ಲಿ ತಿರುಪು ಇಲ್ಲದ ವಸ್ತುವಿಲ್ಲ ಎಂದು ನಂಬಿದವನು. ಆದ ಕಾರಣ ಮಗುವನ್ನು ಶಾಲೆಗೆ ಸಿದ್ಧಪಡಿಸುವುದೆಂದರೆ ಅದರ ಬಲಗೈಯನ್ನು ಸಿದ್ಧಪಡಿಸುವುದೆಂದು ತಿಳಿದನು. ಮಾಸ್ತರು ಕೇಳಿದ್ದೂ ಅಷ್ಟನ್ನೇ.

ಅದರಂತೆ ಅಂಗಡಿಯ ಬೇವಿನ ಮರದಲ್ಲಿ ನೇತುಬಿಟ್ಟ ಟಯರಿಗೆ ಮಗುವನ್ನು ದಿನಾ ಬಲಗೈಯಿಂದ ಜೋತು ಬೀಳಿಸಲಾಯಿತು. ಸೈದಾ ಬೀ ಬೈಯುತ್ತಲೇ ಮೊಮ್ಮಗಳ ತೋಳಿಗೆ ಔಡಲೆಣ್ಣೆ ತಿಕ್ಕಿದರು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಮುಮ್ತಾಜ್ ಮಗಳನ್ನು ಎದುರಿಗೆ ಕೂಡ್ರಿಸಿಕೊಂಡು, "ಹಿಂಗ ನೋಡವಾ," ಎಂದು ತನ್ನ ಬಲಗೈ ಎತ್ತಿ, ತಲೆಯ ಸೆರಗಿನ ಮೇಲಿಂದ ಹಾಯಿಸಿ, ತನ್ನ ಎಡಗಿವಿಯನ್ನು ತಾನೇ ಮುಟ್ಟಿ ತೋರಿಸಿದಳು. ಒಂದು ವರ್ಷ ಪೂರ್ತಿ, ದಿನಾ ತೋರಿಸಿದಳು. ಈ ಅಂಶವನ್ನು ಸಾಹೇಬರು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

4. ಇಷ್ಟಾದರೂ ಮೇ ತಿಂಗಳ ಹೊತ್ತಿಗೆ ಕೈ ಕಿವಿಯ ಅಂಚಿಗೆ ಬಂದು ತಡವರಿಸುತ್ತಿತ್ತು. ಆಗ ಎರ್ರೆಪ್ಪ ಎಂಬುವರು ಕಿವಿಮಾತು ಹೇಳಿದರು. ಈ ಎರ್ರೆಪ್ಪ ಬೀಡಿ ಸೇದಲೆಂದೇ ಸೈಕಲ್ ಕೆಡಿಸಿಕೊಂಡು ಬರುವ ಗಿರಾಕಿ. ಅವರ ಅಣ್ಣನ ಮಗ ಹಗರಿಬೊಮ್ಮನಹಳ್ಳಿಯಲ್ಲಿ ಒಂದನೇ ತರಗತಿಯನ್ನೇ ಮತ್ತೆ ಮತ್ತೆ ಓದಿರುವುದರಿಂದ ಈ ತರಗತಿಯ ವಿಷಯದಲ್ಲಿ ಅವರ ಕುಟುಂಬಕ್ಕೆ ಒಳ್ಳೆಯ ಅನುಭವವಿದೆ.

"ಶೇಖಣ್ಣ, ಕೈ ಗಿಡ್ಡ ಇಲ್ಲಪಾ. ಕೂದಲಾ ದಪ್ಪ ಅದಾವು. ತಲಿ ಬೋಳಿಸಿಬಿಡು, ಹಾದಿ ಹತ್ರಾಗ್ತೈತಿ."

ಗುಡ್ಡ ಹತ್ತಿ ಇಳಿಯುವುದಕ್ಕಿಂತ ಗುಡ್ಡವನ್ನೇ ತಗ್ಗಿಸುವುದು ಜಾಣತನವೆಂದು ಅರ್ಜಿದಾರನಿಗೂ ತೋರಿತು. ಶಾಲೆ ತೆರೆಯುವ ಹಿಂದಿನ ವಾರ ಜೈತುನಳ ತಲೆ ನುಣ್ಣಗಾಯಿತು. ಸೈದಾ ಬೀ ಎದೆ ಎದೆ ಬಡಿದುಕೊಂಡರು.

"ಲೇ ಶೇಖಾ, ಹೆಣ್ಣಕೂಸಿನ ತಲಿ ಬೋಳಿಸಿದ್ಯಲ್ಲೋ! ಇನ್ನ ಇಕೀನ ಯಾರು ಮಾಡ್ಕೊಂತಾರ?"

"ನಿಕಾಕ್ಕ ಇನ್ನಾ ಟೈಮ್ ಐತಿ ಅಮ್ಮಿ. ಶಾಲಿಗೆ ಇಲ್ಲ."

5. ಈ ಗಡಿಬಿಡಿಯಲ್ಲಿ ಕೆಲವು ಸಣ್ಣಪುಟ್ಟ ತಯಾರಿಗಳು ಬಿಟ್ಟುಹೋದವೆಂದು ಅರ್ಜಿದಾರ ಒಪ್ಪುತ್ತಾನೆ. ಮಗುವಿಗೆ ಬಳಪ ಹಿಡಿಯಲು ಹೇಳಿಕೊಟ್ಟಿರಲಿಲ್ಲ. ಅಪರಿಚಿತರು ಕೇಳಿದರೆ ಹೆಸರು ಹೇಳಬೇಕೆಂದು ಹೇಳಿರಲಿಲ್ಲ. ಒಂದಕ್ಕೆ ಬಂದರೆ ಎದ್ದು ನಿಂತು ಕಿರುಬೆರಳು ತೋರಿಸಬೇಕೆಂದು ಹೇಳಿರಲಿಲ್ಲ. ಅಮ್ಮನನ್ನು ಬಿಟ್ಟು ಮಧ್ಯಾಹ್ನದವರೆಗೆ ಕೂಡಬೇಕೆಂಬುದಂತೂ ಯಾರ ತಲೆಗೂ ಹೊಳೆದಿರಲಿಲ್ಲ. ಬೋಳಿಸಿದ ತಲೆಗೂ ಕೂಡ.

ಪರಿಣಾಮವಾಗಿ ಪರೀಕ್ಷೆಯ ದಿನ ಈ ಕೆಳಗಿನಂತೆ ನಡೆಯಿತು.

ಮಾಸ್ತರು: "ಕಿವಿ ಮುಟ್ಟು ನೋಡಾಣ." ಮಗು ಮುಟ್ಟಿತು. ಮುಟ್ಟಿದ್ದಷ್ಟೇ ಅಲ್ಲ, ಹಿಡಿದು ಎಳೆಯಿತು. ಬಾಗಿಲ ಹೊರಗೆ ಮುಮ್ತಾಜ್ ಉಸಿರು ಬಿಟ್ಟ ಸದ್ದು ಒಳಗೆ ಕೇಳಿಸಿತು.

"ಭೇಷ್! ಹೆಸರೇನವಾ?" ಮಗು ಕಿವಿ ಮುಟ್ಟಿತು.

"ನಿಮ್ಮಪ್ಪ ಏನು ಕೆಲಸ ಮಾಡ್ತಾನ?" ಕಿವಿ ಮುಟ್ಟಿತು.

"ಊಟ ಆಯ್ತೇನು?" ಮತ್ತೆ ಕಿವಿ. ಮಾಸ್ತರ ಮುಖ ಗಂಟಿಕ್ಕಿದ್ದನ್ನು ಕಂಡು, ಒಂದು ಸಾಲದೇನೋ ಎಂದು ಎಡಗೈಯನ್ನೂ ಮೇಲಿಂದ ತಂದು ಬಲಗಿವಿಯನ್ನು ಹೆಚ್ಚುವರಿಯಾಗಿ ಮುಟ್ಟಿತು.

"ಅಲ್ಲಪಾ ಶೇಖಾವಲಿ, ಈ ಕೂಸಿಗೆ ಬಾಯಿ ಐತೋ ಇಲ್ಲೋ?"

"ಹೋದ ವರ್ಷ ನೀವು ಬಾಯಿ ಕೇಳಿದ್ದಿಲ್ರಿ ಸಾರ್."

ನಿಯಮ ನಿಯಮವೇ. ಮಾಸ್ತರು ಹೆಸರು ಹಚ್ಚಿಕೊಂಡು, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದರು. ಓಣಿಯ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದರಂದೇ. ಆ ದಿನ ಸೂಲಗಿತ್ತಿ ಹೇಗೆ ನಿಭಾಯಿಸಿದಳೋ ದೇವರೇ ಬಲ್ಲ.

6. ತರುವಾಯ ಮೊದಲ ದಿನ ಮಗು ಅತ್ತ ಅಳುವಿಗೆ ಉಪ್ಪಿಟ್ಟು ಮಾಡುವ ದುರುಗಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಒಂದು ಕೂಸು ಅತ್ತರೆ ಉಳಿದ ಕೂಸುಗಳೂ ಬೆಂಬಲ ಸೂಚಿಸುವುದು ರೂಢಿ. ತರಗತಿಯೇ ಅಳತೊಡಗಿದಾಗ ಮಾಸ್ತರೇ ಹೊರಗೆ ಬಂದು (ಕನ್ನಡಕ ಮೇಲಿತ್ತು) ಮುಮ್ತಾಜಳಿಗೆ ಹೇಳಿದ್ದು ಹೀಗೆ:

"ತಂಗಿ, ಈ ಕಿಟಕಿ ಹೊರಗ ಎರಡು ದಿನ ಕುಂದ್ರವಾ. ನಿನ್ನ ಮುಖಾ ಕಂಡ್ರ ಕೂಸು ಸುಮ್ಮನಾಗ್ತೈತಿ."

ಕುಳಿತಳು. ಮಾಸ್ತರ ಉಪಾಯ ಅದ್ಭುತವಾಗಿ ಫಲಿಸಿತು. ಮೂರನೆಯ ದಿನದಿಂದ ಮಗು ಕಿಟಕಿಯ ಕಡೆ ನೋಡುವುದನ್ನು ಬಿಟ್ಟಿತು. ತಾಯಿ ಕಿಟಕಿಯ ಕಡೆ ನೋಡುವುದನ್ನು ಬಿಡಲಿಲ್ಲ.

ಆಕೆ ಸುಮ್ಮನೇನೂ ಕೂಡುತ್ತಿರಲಿಲ್ಲ. ಮೊರದ ತುಂಬ ಶೇಂಗಾ ತಂದು ಸುಲಿಯುತ್ತಿದ್ದಳು. ಒಳಗಿನ ಮಕ್ಕಳು 'ಅ' ಎಂದು ಕೂಗಿದರೆ ಹೊರಗೆ ತುಟಿಯಷ್ಟೇ ಅಲುಗುತ್ತಿತ್ತು, ಸಿಪ್ಪೆ ತೆಗೆದ ಬೆರಳು ಮಣ್ಣಿನ ಮೇಲೆ ಒಮ್ಮೆ ಓಡಾಡಿ ಅಳಿಸಿಬಿಡುತ್ತಿತ್ತು. ಆಕೆಗೆ ಶಾಲೆಯ ಉಪ್ಪಿಟ್ಟು ಸಂದಾಯವಾಗಿದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲ. ದುರುಗಮ್ಮನೇ ಆಕೆಯ ಶೇಂಗಾ ತಿಂದಿದ್ದಾಳೆ. ಈ ಅವಧಿಯಲ್ಲಿ ಅರ್ಜಿದಾರನ ಮಧ್ಯಾಹ್ನದ ಊಟವು ರೊಟ್ಟಿಯಿಂದ ಮಂಡಕ್ಕಿಗೆ ಹಿಂಬಡ್ತಿ ಹೊಂದಿತು. "ಬಿಸಿ ರೊಟ್ಟಿ ಎಲ್ಲಿಗೆ ಹೋತು?" ಎಂದು ಎರ್ರೆಪ್ಪ ಕೇಳಿದರೆ, "ಒಂದನೇ ಕ್ಲಾಸಿಗೆ ಹೋಗೈತಿ," ಎಂದು ಸೈದಾ ಬೀ ಒಳಗಿನಿಂದಲೇ ಉತ್ತರಿಸುತ್ತಿದ್ದರು.

7. ಕಳೆದ ವಾರ ನಡೆದ ಘಟನೆಯೇ ಈ ಅರ್ಜಿಗೆ ಮೂಲ ಕಾರಣ. ಮಾಸ್ತರು ಹಲಗೆಯ ಮೇಲೆ ಒಂದು ಅಕ್ಷರ ಬರೆದು, ಬೆತ್ತದಿಂದ ತಟ್ಟಿ, "ಇದ್ಯಾವುದು?" ಎಂದರು. ಕೊನೆಗೆ ಹಿಂದಿನ ಸಾಲಿನ ಒಂದು ಮಗು ಧೈರ್ಯ ಮಾಡಿ, "ಜಿಲೇಬಿ ರೀ," ಎಂದಿತು.

"ಯಾರಿಗೂ ಬರಂಗಿಲ್ಲೇನು? ಒಬ್ಬರಿಗೂ?"

"ಔ ರೀ," ಎಂದಿತು ಕಿಟಕಿ.

ಬಾಯಿ ತಪ್ಪಿ ಬಂದದ್ದು. ಮುಮ್ತಾಜ್ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಉತ್ತರ ಸರಿಯಾಗಿತ್ತು, ಅದೇ ತಪ್ಪಾಯಿತು. ಮಕ್ಕಳು ಹೋ ಎಂದು ನಕ್ಕವು. ಮಾಸ್ತರ ಕನ್ನಡಕ ಸರ್ರನೆ ಇಳಿಯಿತು.

"ಯಮ್ಮಾ, ನಿನ್ನ ಇಲ್ಲಿ ಕುಂದ್ರಿಸಿದ್ದು ಕೂಸು ಸುಮ್ಮನಿರಲಿ ಅಂತ."

"ಕೂಸು ಸುಮ್ಮನ ಐತಲ್ರಿ."

"ಹಂಗಂದ್ರ ನೀನು ಮನಿಗೆ ನಡಿ. ಇದು ಸಣ್ಣ ಮಕ್ಕಳ ಶಾಲಿ. ಇಲ್ಲಿ ವಯಸ್ಸಿನ ನಿಯಮ ಐತಿ."

ಆಗ ಜೈತುನ್ ಎದ್ದು ನಿಂತಳು. ಶಾಲೆಗೆ ಬಂದಾಗಿನಿಂದ ಕಿವಿಯಲ್ಲೇ ಮಾತಾಡುತ್ತಿದ್ದ ಮಗು ಮೊದಲ ಸಲ ಬಾಯಿಂದ ಮಾತಾಡಿತು:

"ನಮ್ಮಮ್ಮಿಗೆ ಮುಟ್ಟತೈತಿ ರೀ ಸಾರ್! ದಿನಾ ಮುಟ್ಟಸ್ತಾಳ. ಅಮ್ಮಿ, ತೋರ್ಸು!"

ಪರಗಂಡಸರ ಎದುರು ತಲೆ ಎತ್ತದ ಹೆಣ್ಣುಮಗಳು ಸದರಿ ಮುಮ್ತಾಜ್. ಆದರೂ ಮೊರ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ಬಲಗೈ ಎತ್ತಿ, ನೆತ್ತಿಯ ಮೇಲಿಂದ ತಂದು, ವಾಲೆ ಸಮೇತ ಎಡಗಿವಿಯನ್ನು ಹಿಡಿದು, ಕಿಟಕಿಯ ಸರಳುಗಳ ಹಿಂದೆ ಹಾಗೆಯೇ ನಿಂತಳು. ಅದನ್ನು ಕಂಡು ಜೈತುನ್ ಮುಟ್ಟಿದಳು. ಜೈತುನಳನ್ನು ಕಂಡು ಇಡೀ ತರಗತಿ ಮುಟ್ಟಿತು. ಆ ಹೊತ್ತಿನಲ್ಲಿ ಕಿವಿ ಮುಟ್ಟದೆ ನಿಂತವರು ಮಾಸ್ತರೊಬ್ಬರೇ.

ಮಾಸ್ತರು ಕಿಟಕಿಯ ಕದ ಹಾಕಿದರು.

8. ಅದೇ ಸಂಜೆ ಅರ್ಜಿದಾರನಿಗೆ ಕರೆ ಬಂದಿತು. ಮಾಸ್ತರು ಒಂದು ಬಿಳಿ ಹಾಳೆ ಕೊಟ್ಟು, "ನೋಡು ಶೇಖಾವಲಿ, ಕೂಸು ಹೊಂದಿಕೊಂಡೈತಿ. ಇನ್ನ ಅವರಮ್ಮನ್ನ ಮನಿಯಾಗ ಹೊಂದಿಸ್ಕೋ. ನಾಳಿಂದ ಆಕಿ ಈ ಕಡೆ ಬರಂಗಿಲ್ಲ ಅಂತ ಇದರಾಗ ಬರದು ಹೆಬ್ಬೆಟ್ಟು ಒತ್ತಿಕೊಡು. ಸಾಹೇಬರು ತನಿಖಿಗೆ ಬಂದ್ರ ನಾ ಏನು ಹೇಳಲಿ? ಕಿಟಕಿ ಪಾಸ್ ಆಗೈತಿ ಅನ್ನಲೇನು?" ಎಂದರು.

ಸುಳ್ಳು ಹೇಳುವುದೇಕೆ? ಹಾಳೆ ಹಿಡಿದು ಮನೆಗೆ ಹೊರಟಾಗ ಅರ್ಜಿದಾರನು ಒತ್ತಿಕೊಡುವ ಮನಸ್ಸಿನಲ್ಲೇ ಇದ್ದನು. ಮಂಡಕ್ಕಿ ತಿಂದು ತಿಂದು ಹೊಟ್ಟೆ ಟ್ಯೂಬಿನಂತಾಗಿತ್ತು, ಬರೀ ಗಾಳಿ. ಓಣಿಯಲ್ಲಿ ನಗೆಪಾಟಲು ಬೇರೆ. ಮುಮ್ತಾಜ್ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಮಾಸ್ತರು ಬರದುಕೊಡು ಅಂದಾರ," ಎಂದನು.

"ಏನಂತ?"

"ನೀನು ನಾಳಿಂದ ಕಿಟಕಿ ಹತ್ರ ಹೋಗಂಗಿಲ್ಲ ಅಂತ."

ಆಕೆ ರೊಟ್ಟಿ ತಿರುವಿ ಹಾಕಿದಳು. ಬೆಂದದ್ದನ್ನು ತೆಗೆದು ಗಂಡನ ತಟ್ಟೆಗಿಟ್ಟಳು. ಆಮೇಲೆ ಕೇಳಿದಳು. "ನಿಮಗ ಬರಿಯಾಕ ಬರಂಗಿಲ್ಲಲ್ಲ. ಯಾರ ಹತ್ರ ಬರಸ್ತೀರಿ?"

"ಯಾರರ ಹತ್ರ."

"ಒಂದೀಟು ತಡದಿದ್ರ ನಾನಾ ಬರಕೊಡ್ತಿದ್ದೆ, ಜೈತುನ್ ಅಬ್ಬಾ. ಬರೋ ವರ್ಷದ ಹೊತ್ತಿಗೆ ನನಗ ಬರ್ತಿತ್ತು."

ಬಿಸಿ ರೊಟ್ಟಿ ತಟ್ಟೆಯಲ್ಲೇ ಇತ್ತು. ತಿಂಗಳಿಡೀ ಅದಕ್ಕಾಗಿ ಹಾತೊರೆದಿದ್ದ ಅರ್ಜಿದಾರನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದನು. ವರ್ಷಪೂರ್ತಿ ಬೆಳಿಗ್ಗೆ ಬೆಳಿಗ್ಗೆ ಆಕೆ ಮಗಳೆದುರು ಕೈ ಎತ್ತಿದ್ದನ್ನು ಆತ ಕಂಡಿದ್ದನು. ಮಗಳ ಕೈ ಎಷ್ಟು ಬೆಳೆಯಿತೆಂದು ದಿನಾ ನೋಡಿದ್ದನು. ಹೆಂಡತಿಯ ಕೈ ಎಂದಿನಿಂದಲೋ ಮುಟ್ಟುತ್ತಲೇ ಇದೆ ಎಂಬುದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮೂಲೆಯಿಂದ ಸೈದಾ ಬೀ ಕೆಮ್ಮಿದರು. "ಲೇ ಶೇಖಾ, ರೊಟ್ಟಿ ಆರ್ತಾವ, ತಿನ್ನು. ನಾಳಿಂದ ಮಧ್ಯಾಹ್ನ ನಾ ಬಡಿತೀನಿ. ದಪ್ಪ ಆಗ್ತಾವ, ಬೈಬ್ಯಾಡ."

ಆ ಹಾಳೆಯೇ ಈ ಹಾಳೆ. ಮಾಸ್ತರು ಬರೆಯಲು ಹೇಳಿದ್ದು ಬೇರೆ, ಅರ್ಜಿ ಬರೆದುಕೊಡುವವರ ಹತ್ತಿರ ಅರ್ಜಿದಾರ ಬರೆಸಿದ್ದು ಬೇರೆ. ಕಾಗದ ಮಾತ್ರ ಮಾಸ್ತರದೇ. ಅದಕ್ಕಾಗಿ ಅರ್ಜಿದಾರನು ಆಭಾರಿ.

9. ಕದ ಹಾಕಿದ ಮರುದಿನವೂ, ಇಂದೂ ಮುಮ್ತಾಜ್ ಅದೇ ಕಿಟಕಿಯ ಕೆಳಗೆ ಕುಳಿತಿದ್ದಾಳೆ. ಒಳಗಿನ ಧ್ವನಿ ಕೇಳುತ್ತದೆ, ಹಲಗೆ ಕಾಣುವುದಿಲ್ಲ. ಆದ ಕಾರಣ 'ಔ' ಆದ ಮೇಲಿನ ಅಕ್ಷರಗಳು ಆಕೆಯ ಬಾಯಿಗೆ ಬಂದಿವೆ, ಬೆರಳಿಗೆ ಬಂದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳ ಕಾರಣ, ಸಾಹೇಬರು ಈ ಕೆಳಗಿನಂತೆ ಕ್ರಮ ಜರುಗಿಸಬೇಕಾಗಿ ಮನವಿ:

(ಅ) ಬಲಗೈ ಎಡಗಿವಿಗೆ ಮುಟ್ಟಿದವರು ಒಂದನೇ ತರಗತಿಗೆ ಅರ್ಹರು ಎಂಬುದೇ ಈ ಶಾಲೆಯ ನಿಯಮ. ಬಹಳ ವರ್ಷಗಳಿಂದ ಮುಟ್ಟುತ್ತಿದ್ದರೆ ಅನರ್ಹರು ಎಂದು ಯಾರೂ ಹೇಳಿಲ್ಲ. ಆದ್ದರಿಂದ ಸದರಿ ಮುಮ್ತಾಜ್ ಬೇಗಂ ಹೆಸರನ್ನು ಹಚ್ಚಿಕೊಳ್ಳಬೇಕು. ಹುಟ್ಟಿದ ದಿನ, ವಾಡಿಕೆಯಂತೆ, ಜೂನ್ ಒಂದು.

(ಆ) ಒಳಗೆ ಚಾಪೆಯ ಮೇಲೆ ಜಾಗವಿಲ್ಲವೆಂದಾದರೆ ಕಿಟಕಿಯ ಹೊರಗಿನ ನೆಲವನ್ನೇ ತರಗತಿಯೆಂದು ಘೋಷಿಸಿ, ಕದವನ್ನಾದರೂ ತೆಗೆಸಬೇಕು. ಕೀಲು ಬಿಗಿದಿದೆ ಎಂಬ ವರದಿ ಬಂದರೆ ಅರ್ಜಿದಾರನು ಎಣ್ಣೆ ಬಿಟ್ಟುಕೊಡಲು ಸಿದ್ಧನಿದ್ದಾನೆ. ತಿರುಪು ಇರುವ ಯಾವುದೇ ವಸ್ತು ಅವನ ಕೈಮೀರಿದ್ದಲ್ಲ.

ತಮ್ಮ ಕದ ಕಾಯುವ ವಿಶ್ವಾಸಿ,
ಶೇಖಾವಲಿ
(ಎಡಗೈ ಹೆಬ್ಬೆಟ್ಟು. ಶಾಯಿ ಬಳಸಿಲ್ಲ, ಚೈನಿನ ಎಣ್ಣೆಯೇ ಸಾಕಾಯಿತು.)

ಅರ್ಜಿಗೆ ಸಂಬಂಧಪಟ್ಟವರ ಸಹಿ:
ಅ ಆ ಇ ಈ ಉ ಊ ಋ ಎ ಏ ಐ ಒ ಓ ಔ
(ತಮ್ಮ ಹೆಸರಿನ ಅಕ್ಷರ ಇನ್ನೂ ಹಲಗೆಯ ಮೇಲೆ ಕಂಡಿಲ್ಲವಾದ್ದರಿಂದ ಮುಮ್ತಾಜ್ ಬೇಗಂ ಅವರು ಬಂದಷ್ಟರಲ್ಲೇ ಸಹಿ ಮಾಡಿದ್ದಾರೆ. ಕದ ತೆಗೆದ ಮೇಲೆ ತಿದ್ದಿಕೊಡಲಾಗುವುದು.)

ಲಗತ್ತುಗಳು:
1) ಸದರಿಯವರ ಬಲಗೈ, ಒಂದು. (ಮೂಲ ಪ್ರತಿ. ಪರಿಶೀಲಿಸಿ ಕೂಡಲೇ ಹಿಂದಿರುಗಿಸುವುದು. ರಾತ್ರಿಯ ರೊಟ್ಟಿಗೆ ಬೇಕು.)
2) ಎಡಗಿವಿ, ಒಂದು. (ವಾಲೆ ಸಹಿತ.)
3) ಸೈದಾ ಬೀ ಅವರ ತೋಳನ್ನೂ ಲಗತ್ತಿಸುವ ವಿಚಾರವಿತ್ತು. ವಾಯುವಿನಿಂದ ಭುಜದ ಮೇಲೆ ಏಳದ ಕಾರಣ ಕೈಬಿಡಲಾಗಿದೆ. ಔಡಲೆಣ್ಣೆ ತಿಕ್ಕಲಾಗುತ್ತಿದೆ.

ವಿಶೇಷ ಸೂಚನೆ: ಸಾಹೇಬರು ಹೌದೆನ್ನಬಹುದು, ಇಲ್ಲವೆನ್ನಬಹುದು. 'ಬರೋ ವರ್ಷ ಬರ್ರಿ' ಎಂದು ಮಾತ್ರ ಹೇಳಬಾರದಾಗಿ ಪ್ರಾರ್ಥನೆ. ಸದರಿಯವರ ಹತ್ತಿರ ಅದರ ದಾಸ್ತಾನು ಈಗಾಗಲೇ ಸಾಕಷ್ಟಿದೆ.